ಡಾಕ್ಟರ್ ಒಬ್ಬರಿಂದಲೇ ದವಾಖಾನೆ ನಡೆಯುವುದಿಲ್ಲ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಮಾನ್ಯ ಅಧ್ಯಕ್ಷರೇ, ಪದಾಧಿಕಾರಿಗಳೇ, ದಾನಿಗಳೇ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಬಂದಿರುವ ಪಾಲಕರೇ ಮತ್ತು ಪ್ರೀತಿಯ ಮಕ್ಕಳೇ,

ನಾವು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಭಾಗದ ಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದವರು. ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ಜಾಣ ಮಕ್ಕಳೆಲ್ಲ ಡಾಕ್ಟರ್ ಎನ್ನುತ್ತಿದ್ದರು. ನಾವೂ ಬೆನ್ನು ತಟ್ಟುತ್ತಿದ್ದೆವು. ಆದರೆ ಡಾಕ್ಟರ್ ಸೀಟು ಸಿಗದ ಮಕ್ಕಳು ಮುಂದೇನು ಎಂದು ಕೇಳಿದರೆ ಹೇಳಲು ನಮಗೂ ಗೊತ್ತಿರಲಿಲ್ಲ. ಆ ಬಾಕಿಯನ್ನು ಇವತ್ತು ಸ್ವಲ್ಪವಾದರೂ ತೀರಿಸಬೇಕೆಂದಿದ್ದೇವೆ.

2020ರ ಮಾರ್ಚ್ 10ರಂದು ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದೇ. ಅವರ ಮಾದರಿಯ ಪರೀಕ್ಷೆ ಆಗ ಕಲಬುರಗಿಯಲ್ಲಿ ಆಗುವಂತಿರಲಿಲ್ಲ, ಬೆಂಗಳೂರಿಗೆ ಕಳಿಸಬೇಕಾಯಿತು. ಫಲಿತಾಂಶ ಬರುವಷ್ಟರಲ್ಲಿ ಅವರು ಇರಲಿಲ್ಲ. ಮುಂದೆ ನಮ್ಮಲ್ಲೇ ಪರೀಕ್ಷೆ ಶುರುವಾದಾಗ ಹಗಲು ರಾತ್ರಿ ಲ್ಯಾಬಿನಲ್ಲಿ ಕುಳಿತವರು ಯಾರು? ತರಬೇತಿ ಪಡೆದ ಲ್ಯಾಬ್ ಟೆಕ್ನಿಷಿಯನ್ನರು. ವಾರ್ಡಿನಲ್ಲಿ ಆಕ್ಸಿಜನ್ ನೋಡಿಕೊಂಡವರು ನರ್ಸುಗಳು. ದವಾಖಾನೆ ಇಷ್ಟೊಂದು ಕೈಗಳಿಂದ ನಡೆಯುತ್ತದೆಂದು ನಮ್ಮ ಮಂದಿಗೆ ಆಗ ಕಂಡಿತು.

ಆ ಕೈಗಳಾಗಲು ದಾರಿಗಳಿವೆ. ಪಿಯುಸಿ ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ. ಕಲಾ ವಿಭಾಗ ಓದಿದ ಮಕ್ಕಳಿಗೂ ಮೂರು ವರ್ಷದ ಜಿ.ಎನ್.ಎಂ. ಇದೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಕೆಲಸ ಕಲಿಸುವ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ. ಜಿ.ಎನ್.ಎಂ. ಮುಗಿಸಿ ಈಗಾಗಲೇ ನೌಕರಿಯಲ್ಲಿರುವವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಮೇಲೇರಬಹುದು. ಕಲಿಕೆ ನೌಕರಿ ಸಿಕ್ಕ ದಿನಕ್ಕೆ ಮುಗಿಯುವುದಿಲ್ಲ.

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದರು. "ಮಾಸ್ತರ, ಒಂದು ಕಡೆ ನರ್ಸಿಂಗ್ ಕಲಿಸ್ತಾರಂತ್ರಿ. ಮಗಳನ್ನ ಹಚ್ಚಲೇನ್ರಿ?" ಎಂದು ಕೇಳಿದರು. ನಾವು ಹಿಂದೆಮುಂದೆ ವಿಚಾರಿಸದೆ, "ಹಚ್ಚಿರಿ, ಛಲೋ ಆಗ್ತದ" ಎಂದುಬಿಟ್ಟೆವು. ತೊಗರಿ ಮಾರಿದ ದುಡ್ಡಿನಲ್ಲಿ ಅವರು ಫೀ ಕಟ್ಟಿದರು. ಎರಡು ವರ್ಷ ಓದಿ ಆಕೆ ತಂದ ಸರ್ಟಿಫಿಕೇಟಿಗೆ ನೋಂದಣಿಯೇ ಆಗಲಿಲ್ಲ. ಆ ಸಂಸ್ಥೆಗೆ ಮಾನ್ಯತೆ ಇರಲಿಲ್ಲ. ತಂದೆ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ. ಆ ಹುಡುಗಿ ಮತ್ತೆ ಮೊದಲಿನಿಂದ ಮಾನ್ಯತೆ ಇರುವ ಕಾಲೇಜು ಸೇರಿ ಜಿ.ಎನ್.ಎಂ. ಮುಗಿಸಿದಳು. ಈಗ ನೌಕರಿಯಲ್ಲಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ಆದರೆ ಹೋದ ಎರಡು ವರ್ಷ ಯಾರು ಕೊಡುತ್ತಾರೆ?

ಅದಕ್ಕೇ ಪಾಲಕರಲ್ಲಿ ನಮ್ಮ ಕಳಕಳಿಯ ವಿನಂತಿ. ಒಂದು ರೂಪಾಯಿ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿರಿ. ಈ ಕೋರ್ಸಿಗೆ ಮಾನ್ಯತೆ ಕೊಟ್ಟವರು ಯಾರು? ಪರೀಕ್ಷೆ ನಡೆಸುವವರು ಯಾರು? ಮುಗಿದ ಮೇಲೆ ನೋಂದಣಿ ಎಲ್ಲಿ? ನರ್ಸಿಂಗ್ ಆದರೆ ರಾಜ್ಯ ನರ್ಸಿಂಗ್ ಕೌನ್ಸಿಲ್, ಪ್ಯಾರಾಮೆಡಿಕಲ್ ಡಿಪ್ಲೊಮಾ ಆದರೆ ಅದಕ್ಕೆ ಸಂಬಂಧಪಟ್ಟ ರಾಜ್ಯದ ಅಧಿಕೃತ ಸಂಸ್ಥೆ. ಬಾಯಿಮಾತು ಬೇಡ, ಕಾಗದ ತೋರಿಸಲು ಹೇಳಿರಿ. ಯಾವ ದವಾಖಾನೆಯಲ್ಲಿ ರೋಗಿಗಳ ನಡುವೆ ತರಬೇತಿ ಕೊಡುತ್ತಾರೆ ಎಂಬುದನ್ನೂ ಕಣ್ಣಾರೆ ನೋಡಿ ಬನ್ನಿರಿ. ಇಂಜೆಕ್ಷನ್ ಹಾಕುವುದು ಪುಸ್ತಕದಿಂದ ಬರುವುದಿಲ್ಲ.

ಎರಡನೆಯ ಮಾತು 371(ಜೆ) ಪ್ರಮಾಣಪತ್ರದ್ದು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಈ ಸೌಲಭ್ಯದಲ್ಲಿ ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಲ್ಲಿ ಶೇ. 70 ಸ್ಥಳೀಯರಿಗೆ ಮೀಸಲು, ರಾಜ್ಯದ ಉಳಿದ ಕಡೆ ಶೇ. 8. ಕಲಬುರಗಿಯಲ್ಲೇ 1963ರ ಎಂ.ಆರ್. ಮೆಡಿಕಲ್ ಕಾಲೇಜಿನಿಂದ ಹಿಡಿದು ಜಿಮ್ಸ್, ಇ.ಎಸ್.ಐ., ಖಾಜಾ ಬಂದೇನವಾಜ್ ವರೆಗೆ ವೈದ್ಯಕೀಯ ಶಿಕ್ಷಣ ಸಂಸ್ಥೆಗಳಿವೆ. ಬಾಗಿಲು ಹತ್ತಿರವೇ ಇದೆ. ಸಹಾಯಕ ಆಯುಕ್ತರ ಕಚೇರಿ ಕೊಡುವ ಆ ಪತ್ರ ಕೈಯಲ್ಲಿರಬೇಕು, ಅಷ್ಟೇ. ಸೀಟು ಹಂಚಿಕೆಯ ವಾರದಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ. ನಮ್ಮ ಮಕ್ಕಳ ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರಿನ ಮುಂದೆ ಬೇಗಂ ಇರುತ್ತದೆ, ಆಧಾರ್‌ನಲ್ಲಿ ಇರುವುದಿಲ್ಲ. ಒಂದು ಕಡೆ ಶೇಖ್, ಇನ್ನೊಂದು ಕಡೆ ಶೇಕ್. ಹತ್ತನೇ ಇಯತ್ತೆಯಲ್ಲಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಿರಿ.

"ಮಗಳು ನರ್ಸ್ ಆದರ ಮಂದಿ ಏನಂತಾರ್ರಿ? ರಾತ್ರಿ ಡ್ಯೂಟಿ ಇರ್ತದ" ಎಂದು ತಾಯಂದಿರು ಕೇಳುತ್ತಾರೆ. ಪ್ರವಾದಿಯವರ (ಸ) ಕಾಲದಲ್ಲಿ ರುಫೈದಾ ಅವರು ಗಾಯಾಳುಗಳ ಆರೈಕೆ ಮಾಡುತ್ತಿದ್ದರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಇಬ್ನ್ ಮುಆದ್ ಅವರನ್ನು ನೋಡಿಕೊಂಡದ್ದು ಅವರ ಡೇರೆಯಲ್ಲೇ. ಇನ್ನೊಂದು ಮಾತು: ಹೆರಿಗೆಗೆ ಹೋದಾಗ ನಾವೇ ಲೇಡಿ ಡಾಕ್ಟರ್, ಲೇಡಿ ನರ್ಸ್ ಬೇಕೆನ್ನುತ್ತೇವೆ. ಎಲ್ಲರೂ ಮಗಳನ್ನು ಮನೆಯಲ್ಲಿಟ್ಟರೆ ಅವರು ಎಲ್ಲಿಂದ ಬರಬೇಕು? ಹಾಸ್ಟೆಲ್ ಹೇಗಿದೆ, ರಾತ್ರಿ ಡ್ಯೂಟಿಗೆ ವಾಹನ ಇದೆಯೇ ಎಂದು ಅವಶ್ಯ ವಿಚಾರಿಸಿರಿ. ಅದು ಪಾಲಕರ ಹಕ್ಕು. ಮಂದಿಗೆ ಹೆದರಿ ಬಿಡಿಸಬೇಡಿರಿ.

ಕೊನೆಗೆ ದಾನಿಗಳಲ್ಲಿ ಎರಡು ಮಾತು. ಮೊದಲ ವರ್ಷದ ಫೀಗೆ ಕೊಡುವವರು ಸಿಗುತ್ತಾರೆ. ಮಕ್ಕಳು ಬಿಡುವುದು ಎರಡನೇ, ಮೂರನೇ ವರ್ಷದಲ್ಲಿ. ಹಾಸ್ಟೆಲ್ ಬಿಲ್ಲು, ಬಸ್ಸು, ಸಮವಸ್ತ್ರ, ಪರೀಕ್ಷಾ ಶುಲ್ಕ ಕೂಡಿ ಮನೆಯನ್ನು ಸೋಲಿಸುತ್ತವೆ. ದಯವಿಟ್ಟು ಒಂದು ಮಗುವಿನ ಕೈ ಹಿಡಿದರೆ ಕೋರ್ಸ್ ಮುಗಿಯುವ ತನಕ ಬಿಡಬೇಡಿರಿ. ಝಕಾತ್ ಹಣ ಅದಕ್ಕೆ ಅರ್ಹರಾದವರಿಗೇ ತಲುಪಲಿ. ಉಳಿದವರಿಗೆ ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ಸಹಾಯವಾಗಲಿ.

ಮಕ್ಕಳೇ, ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಕಾಲೇಜಿನ ಮಾನ್ಯತಾ ಪತ್ರದ ಪ್ರತಿಯನ್ನೂ ತನ್ನಿರಿ. ಫೀ ಕಟ್ಟಿದ ಮೇಲೆ ಬರಬೇಡಿರಿ, ಕಟ್ಟುವ ಮೊದಲೇ ಬನ್ನಿರಿ. ಕಾಗದ ಓದಿ ಹೇಳಲು ನಾವು ಇದ್ದೇವೆ. ಈ ಸಲ ವಿಚಾರಿಸದೆ "ಹಚ್ಚಿರಿ" ಎನ್ನುವುದಿಲ್ಲ.

ಅಲ್ಲಾಹನು ನಿಮ್ಮ ಶ್ರಮಕ್ಕೆ ಫಲ ಕೊಡಲಿ.