ಪೋಲೆ ಪೋಲೆ

ಟಾಂಜಾನಿಯಾದ ಕಿಲಿಮಂಜಾರೋ ಒಂದು ಜ್ವಾಲಾಮುಖಿ ಪರ್ವತ. ಎತ್ತರ 5,895 ಮೀಟರ್. ಅಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ಮೂರು ಪಟ್ಟು. ಹತ್ತಲು ಹಗ್ಗ, ಕೊಕ್ಕೆ ಬೇಡ, ನಡೆದೇ ಹೋಗಬಹುದು. ಆದರೂ ಗಟ್ಟಿಮುಟ್ಟಾದವರೇ ಎಷ್ಟೋ ಸಲ ಅರ್ಧ ದಾರಿಯಿಂದ ಹಿಂತಿರುಗುತ್ತಾರೆ.

ಕಾರಣ ಗಾಳಿ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ತೀರದ ಅರ್ಧದಷ್ಟು ಮಾತ್ರ. ದೇಹ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ಜಿಮ್ಮಿನಲ್ಲಿ ಬೆವರು ಸುರಿಸಿದರೆ ಕಾಲು ಗಟ್ಟಿಯಾದೀತು, ಈ ಒಗ್ಗಿಕೆ ಬಾರದು.

ಮಚಾಮೆ ಎಂಬ ದಾರಿಯಲ್ಲಿ ಒಂದು ದಿನ ವಿಚಿತ್ರವಾಗಿರುತ್ತದೆ. ಬೆಳಿಗ್ಗೆಯಿಂದ ಏದುಸಿರು ಬಿಡುತ್ತಾ ಲಾವಾ ಟವರ್ ಎಂಬ ಬಂಡೆಯವರೆಗೆ ಹತ್ತುತ್ತಾರೆ. ಸುಮಾರು 4,600 ಮೀಟರ್. ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆ 600 ಮೀಟರಿಗೂ ಹೆಚ್ಚು ಕೆಳಗಿಳಿದು ಬರಾಂಕೋ ಎಂಬ ಶಿಬಿರದಲ್ಲಿ ಮಲಗುತ್ತಾರೆ. ಹಿಂದಿನ ರಾತ್ರಿ ಮಲಗಿದ ಎತ್ತರಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಇಡೀ ದಿನದ ದುಡಿಮೆ ನೀರುಪಾಲಾಯಿತು ಅನ್ನಿಸುತ್ತದೆ. ಆದರೆ ಎತ್ತರದ ರುಚಿ ಕಂಡ ದೇಹ, ತಗ್ಗಿನಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತಾ ಪಾಠ ಕಲಿಯುತ್ತಿರುತ್ತದೆ.

ರಜೆ ಕಡಿಮೆ ಎಂದು ಐದೇ ದಿನದ ಯೋಜನೆ ಹಾಕುವವರಿದ್ದಾರೆ. ನನ್ನನ್ನು ಕೇಳಿದರೆ, ಏಳೆಂಟು ದಿನ ಸಿಗದ ವರ್ಷ ಹೋಗದಿರುವುದೇ ವಾಸಿ. ದೇಹ ಒಗ್ಗದೆ ತಲೆನೋವು ಬಂದರೆ ಮುಚ್ಚಿಡುವುದಂತೂ ಬೇಡವೇ ಬೇಡ.

ಅಲ್ಲಿನ ಮಾರ್ಗದರ್ಶಿಗಳು ಹೆಜ್ಜೆಹೆಜ್ಜೆಗೂ ಸ್ವಾಹಿಲಿಯಲ್ಲಿ 'ಪೋಲೆ ಪೋಲೆ' ಅನ್ನುತ್ತಿರುತ್ತಾರೆ. ನಿಧಾನ, ನಿಧಾನ ಎಂದರ್ಥ. ತಲೆಯ ಮೇಲೆ ಮೂಟೆ ಹೊತ್ತು ಪಕ್ಕದಲ್ಲೇ ಸರಸರನೆ ದಾಟಿಹೋಗುವ ಹೊರೆಯಾಳುಗಳೂ ಅದನ್ನೇ ಹೇಳಿ ನಗುತ್ತಾರೆ.