ದ್ರವ ಅಮೋನಿಯಾದೊಳಗೆ ಬಿಚ್ಚಿಕೊಂಡ ಉಂಗುರ

ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ ದುಡಿದವರಿಗೆ ಅಮೋನಿಯಾದ ಘಾಟನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆ ಅನಿಲವನ್ನು ಸೊನ್ನೆಗಿಂತ 33 ಡಿಗ್ರಿ ಕೆಳಕ್ಕೆ ತಣಿಸಿದರೆ ನೀರಿನಷ್ಟೇ ತಿಳಿಯಾದ ದ್ರವವಾಗುತ್ತದೆ. ಒತ್ತಡ ಹಾಕಿಯೂ ದ್ರವವಾಗಿಸಬಹುದು. ನೆದರ್ಲೆಂಡ್ಸಿನ ಹಾರ್ಲೆಮ್ ಊರಿನ ಮಾರ್ಟಿನಸ್ ಫಾನ್ ಮಾರುಮ್ 18ನೇ ಶತಮಾನದ ಕೊನೆಯಲ್ಲೇ ಅದನ್ನು ಕಂಡಿದ್ದ. ಆದರೆ ಈ ದ್ರವದೊಳಗೆ ಕೆಲಸ ಮಾಡುವ ಕೈಚಳಕ ಆ ನಾಡಿಗೆ ಒಲಿದದ್ದು 20ನೇ ಶತಮಾನದಲ್ಲಿ.

ಉಟ್ರೆಕ್ಟ್ ವಿಶ್ವವಿದ್ಯಾಲಯದ ಲಂಬರ್ಟ್ ಬ್ರಾಂಡ್ಸ್ಮಾ ಇದರಲ್ಲಿ ಪಳಗಿದವರು. ಅಸಿಟಿಲೀನ್ ರಸಾಯನದ ಬಗ್ಗೆ 1971ರಲ್ಲಿ ಅವರು ತಂದ ಪುಸ್ತಕ ಪ್ರಯೋಗಶಾಲೆಯ ಮೇಜಿನ ಮೇಲೇ ಇಟ್ಟುಕೊಳ್ಳುವಂಥದ್ದು. ಫ್ಲಾಸ್ಕಿನ ಹೊರಮೈಗೆ ಬಿಳಿ ಹಿಮ ಕಟ್ಟಿರುತ್ತದೆ. ಒಳಗೆ ಸೋಡಿಯಂ ಚೂರು ಬಿದ್ದೊಡನೆ ದ್ರವ ಕಡುನೀಲಿ. ಸೋಡಿಯಂ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಅಮೋನಿಯಾ ಸುತ್ತುವರಿದು ಹಿಡಿದಿಟ್ಟುಕೊಂಡದ್ದರ ಬಣ್ಣ ಅದು. ಒಂದು ಚಿಟಿಕೆ ಫೆರಿಕ್ ನೈಟ್ರೇಟ್ ಹಾಕಿದರೆ ಹೈಡ್ರೋಜನ್ ಗುಳ್ಳೆಯೆದ್ದು, ನೀಲಿ ಕರಗಿ ಬೂದಿಬಣ್ಣ ಉಳಿಯುತ್ತದೆ. ಸೋಡಮೈಡ್ ತಯಾರಾಯಿತು. ನೀರಿಗೆ ಬಿದ್ದರೆ ಕ್ಷಣದಲ್ಲಿ ಹಾಳಾಗುವ ಈ ಉಗ್ರ ಕ್ಷಾರ ಇಲ್ಲಿ ಸುಖವಾಗಿ ಬಾಳುತ್ತದೆ. ಅಸಿಟಿಲೀನಿನಿಂದ ಹೈಡ್ರೋಜನನ್ನು ಕಿತ್ತು, ಅಲ್ಲಿಗೆ ಹೊಸ ಇಂಗಾಲದ ಸರಣಿ ಜೋಡಿಸಲು ಜಾಗ ಮಾಡಿಕೊಡುತ್ತದೆ. ಕೆಲಸ ಮುಗಿದ ಮೇಲೆ ದ್ರಾವಕ ತಾನಾಗಿ ಆವಿಯಾಗಿ ಹೋಗುತ್ತದೆ. ಗಾಳಿ ಹೊರಗೆಳೆಯುವ ವ್ಯವಸ್ಥೆ ಮಾತ್ರ ಗಟ್ಟಿಯಾಗಿರಬೇಕು, ಇಲ್ಲವಾದರೆ ಕೋಣೆ ಖಾಲಿ ಮಾಡಬೇಕಾದೀತು.

ನನಗೆ ಇದಕ್ಕಿಂತಲೂ ಸೋಜಿಗವೆನಿಸುವುದು ಕೃಷಿ ಶಿಕ್ಷಣಕ್ಕೆ ಹೆಸರಾದ ವಾಗೆನಿಂಗೆನ್‌ನಲ್ಲಿ ನಡೆದದ್ದು. ಅಲ್ಲಿ ಹೆಂಕ್ ಫಾನ್ ಡರ್ ಪ್ಲಾಸ್ ಮತ್ತು ಸಂಗಡಿಗರು ಪಿರಿಮಿಡೀನ್ ಉಂಗುರಗಳ ಬೆನ್ನು ಹತ್ತಿದ್ದರು. ನಾಲ್ಕು ಇಂಗಾಲ, ಎರಡು ಸಾರಜನಕ ಸೇರಿದ ಉಂಗುರವದು. ನಮ್ಮ ಡಿಎನ್‌ಎಯಲ್ಲೂ ಇದೆ. ಉಂಗುರಕ್ಕೆ ಅಂಟಿದ ಬ್ರೋಮಿನನ್ನು ದ್ರವ ಅಮೋನಿಯಾದಲ್ಲಿ ಪೊಟ್ಯಾಸಿಯಂ ಅಮೈಡ್ ಹೊರಗಟ್ಟುತ್ತದೆ, ಅದರ ಜಾಗದಲ್ಲಿ ಅಮೈನೊ ಗುಂಪು ಬಂದು ಕೂರುತ್ತದೆ. ಒಂದು ಹೋಯಿತು, ಇನ್ನೊಂದು ಬಂತು, ಅಷ್ಟೇ ಎಂದು ಯಾರಿಗಾದರೂ ಅನಿಸುವುದು ಸಹಜ.

ಇವರು ಅಷ್ಟಕ್ಕೇ ಬಿಡಲಿಲ್ಲ. ಉಂಗುರದೊಳಗಿನ ಸಾರಜನಕಕ್ಕೆ ತುಸು ಭಾರದ ಸಾರಜನಕ-15ರ ಗುರುತು ಹಾಕಿ ನೋಡಿದರು. ಕ್ರಿಯೆ ಮುಗಿದಾಗ, ಒಳಗೇ ಇರಬೇಕಾದ ಆ ಗುರುತು ಬಹುಪಾಲು ಅಣುಗಳಲ್ಲಿ ಹೊರಗಿನ ಅಮೈನೊ ಗುಂಪಿಗೆ ಬಂದುಬಿಟ್ಟಿತ್ತು! ನಡೆದದ್ದು ಇಷ್ಟು: ಹೊಸದಾಗಿ ಬಂದ ಸಾರಜನಕ ಮೊದಲಿಗೆ ಬ್ರೋಮಿನ್ ಇದ್ದ ಇಂಗಾಲವನ್ನು ಮುಟ್ಟಲೇ ಇಲ್ಲ. ಎರಡು ಸಾರಜನಕಗಳ ನಡುವಿನ ಇಂಗಾಲವನ್ನು ಹಿಡಿಯಿತು. ಉಂಗುರ ಅಲ್ಲೇ ಬಿಚ್ಚಿಕೊಂಡಿತು, ಬ್ರೋಮಿನ್ ಕಳಚಿ ಹೋಯಿತು. ಸರದ ಕೊಂಡಿ ತೆಗೆದು ಹೊಸ ಮಣಿ ಪೋಣಿಸಿ ಮತ್ತೆ ಕೊಂಡಿ ಹಾಕಿದ ಹಾಗೆ, ಹೊಸ ಸಾರಜನಕವನ್ನು ಒಳಗಿಟ್ಟುಕೊಂಡು ಉಂಗುರ ಮುಚ್ಚಿತು. ಹಳೆಯದು ಹೊರಗೆ ನೇತಾಡತೊಡಗಿತು.

ಸೇರುವುದು, ತೆರೆಯುವುದು, ಮುಚ್ಚುವುದು ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಹೆಣೆದು ಇದಕ್ಕೆ ಆನ್ರಾರ್ಕ್ ಎಂದು ಹೆಸರಿಟ್ಟರು. ಕಿವಿಗೆ ಇಂಪಾದ ಹೆಸರೇನಲ್ಲ, ಆದರೂ ನಿಂತಿತು. ಉಂಗುರದ ಒಂದು ಪರಮಾಣುವನ್ನು ತೆಗೆದು ಇನ್ನೊಂದನ್ನು ಕೂರಿಸುವ ಕೆಲಸ ಈಚೆಗೆ ಔಷಧ ಸಂಶೋಧಕರ ನಡುವೆ ಭರಾಟೆಯಲ್ಲಿದೆ, ಅವರ ಪ್ರಬಂಧಗಳಲ್ಲಿ ಈ ಹೆಸರು ಮತ್ತೆ ಓಡಾಡುತ್ತಿದೆ.