ತುಕ್ಕು ಮತ್ತು ರೈಲು ಗಾಲಿ



ಮಳೆಗಾಲದಲ್ಲಿ ಕುಡುಗೋಲನ್ನು ಹೊಲದಲ್ಲೇ ಮರೆತು ಬರುತ್ತೇವೆ. ನಾಲ್ಕು ದಿನ ಬಿಟ್ಟು ನೋಡಿದರೆ ಕೆಂಪಗಾಗಿರುತ್ತೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತೆ. ತುಕ್ಕು ಅಂದರೆ ಮೇಲಿನ ಕೊಳೆ ಅಲ್ಲ. ಕಬ್ಬಿಣವೇ ಸವೆದು ಪುಡಿಯಾಗುವುದು. ಅದಕ್ಕೇ ಅಲ್ವಾ ನಾವು ರೊಟ್ಟಿ ಹಂಚಿಗೆ ಎಣ್ಣೆ ಸವರಿ ಇಡುವುದು?

ಹಾಗಾದರೆ ಬಿಸಿಲು ಮಳೆಯಲ್ಲೇ ಇರುವ ರೈಲು ಹೇಗೆ ಬಾಳಿಕೆ ಬರುತ್ತೆ?

ಗೌರಿಬಿದನೂರಿನಿಂದ ಬೆಂಗಳೂರಿಗೆ ಒಂದು ರೈಲು ದಾರಿ ಇದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯಿಂದ ಇನ್ನೊಂದು. ಅಲ್ಲಿ ಮೊದಲು ಪುಟ್ಟ ರೈಲು ಓಡುತ್ತಿತ್ತು. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ದೊಡ್ಡ ರೈಲು ಬಂದದ್ದು 2013ರಲ್ಲಿ. ಎರಡು ದಾರಿಯೂ ಯಲಹಂಕದಲ್ಲಿ ಸೇರುತ್ತವೆ. ಅದೇ ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಇದೆ. 1984ರಲ್ಲಿ ಶುರುವಾಯಿತು. ಅಲ್ಲಿ ಗಾಲಿ ಹೇಗೆ ಮಾಡುತ್ತಾರೆ ಗೊತ್ತೇ? ಹಳೇ ಕಬ್ಬಿಣದಿಂದ! ಸವೆದ ಗಾಲಿ, ಮುರಿದ ರೈಲು ಸಾಮಾನು, ಎಲ್ಲವನ್ನೂ ಕರೆಂಟಿನ ಕುಲುಮೆಗೆ ಹಾಕಿ ಕರಗಿಸುತ್ತಾರೆ. ನೀರು ಕುದಿಯುವುದು 100 ಡಿಗ್ರಿಗೆ. ಈ ಕುಲುಮೆಯ ಬಿಸಿ 1500 ಡಿಗ್ರಿಗೂ ಮೇಲೆ. ಕರಗಿದ ಉಕ್ಕನ್ನು ಗ್ರಾಫೈಟ್ ಅಚ್ಚಿಗೆ ತುಂಬುತ್ತಾರೆ. ಗ್ರಾಫೈಟ್ ಅಂದರೆ ಬೇರೇನೂ ಅಲ್ಲ, ನಿಮ್ಮ ಕೈಯಲ್ಲಿರುವ ಪೆನ್ಸಿಲಿನ ಒಳಗಿನ ಕಪ್ಪು ಕಡ್ಡಿ ಇದೆಯಲ್ಲ, ಅದೇ ಜಾತಿ.

ಆಮೇಲೆ ಹದ ಹಾಕುವ ಕೆಲಸ. ನಮ್ಮೂರ ಕುಲುಮೆಯಲ್ಲಿ ಕೆಂಪಗೆ ಕಾದ ಮಚ್ಚಿನ ಬಾಯನ್ನು ನೀರಿಗೆ ಅದ್ದುತ್ತಾರೆ. ಚುಯ್ ಅನ್ನುತ್ತೆ, ಗಟ್ಟಿಯಾಗುತ್ತೆ. ಕಾರ್ಖಾನೆಯಲ್ಲೂ ಕಾದ ಗಾಲಿಯ ಅಂಚಿಗೆ ನೀರು ಚಿಮ್ಮಿಸುತ್ತಾರೆ. ಅಂಚು ಗಟ್ಟಿ ಇರಲೇಬೇಕು. ಸರಕು ತುಂಬಿದ ಗಾಡಿಯ ಒಂದೊಂದು ಗಾಲಿಯ ಮೇಲೂ ಸುಮಾರು 10 ಟನ್ ಭಾರ ಬೀಳುತ್ತೆ. ಅಂದರೆ 100 ಕ್ವಿಂಟಾಲ್ ರಾಗಿ! ಗಾಲಿ ಹಳಿಗೆ ತಾಗುವ ಜಾಗವೋ, ಒಂದು ನಾಣ್ಯದಷ್ಟು. ಒಳಗೆ ಕೂದಲೆಳೆ ಬಿರುಕಿದ್ದರೂ ಅಪಾಯ. ಅದಕ್ಕೇ ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ ಬಿರುಕು ಹುಡುಕುತ್ತಾರೆ.

ಗಾಲಿ ಹಳಿಗೆ ಉಜ್ಜುವ ಕಡೆ ಬಣ್ಣ ಹಚ್ಚಿದರೆ ನಿಲ್ಲದು. ಓಡಿ ಓಡಿ ಅದೇ ಹೊಳೆಯುತ್ತೆ. ಬೇರೆ ಭಾಗಗಳಿಗೆ ಬೇರೆ ಉಪಾಯ. ಕರೆಂಟ್ ತಂತಿ ಹೊತ್ತ ಕಂಬಗಳು ಬೂದಿ ಬಣ್ಣಕ್ಕಿರುತ್ತವೆ, ನೋಡಿ. ಅವಕ್ಕೆ ಸತುವಿನ ಲೇಪ ಇದೆ. ತಗಡಿನ ಬಕೆಟ್ಟಿಗೆ ಇರುವುದೂ ಅದೇ. ಲೇಪ ಸ್ವಲ್ಪ ಗೀರಿದರೂ ಸತು ಮೊದಲು ತಾನು ಸವೆಯುತ್ತೆ, ಕಬ್ಬಿಣ ಉಳಿಯುತ್ತೆ. ಹೊಸ ಬೋಗಿಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡುತ್ತಾರೆ. ಕಬ್ಬಿಣಕ್ಕೆ ಕ್ರೋಮಿಯಂ ಎಂಬ ಲೋಹ ಬೆರೆಸಿದ್ದು. ನಮ್ಮ ತಟ್ಟೆ ಲೋಟದ ಹಾಗೆ.

ಇನ್ನೊಂದು ಮಾತು. ಹೇಳಲು ನಾಚಿಕೆ, ಆದರೂ ಹೇಳಬೇಕು. ಮೊದಲೆಲ್ಲ ರೈಲಿನ ಕಕ್ಕಸು ನೇರ ಹಳಿಗೇ ಬೀಳುತ್ತಿತ್ತು. ಆ ಹೊಲಸಿನಿಂದ ಹಳಿಯ ಬುಡ, ಹಳಿ ಹಿಡಿದಿಡುವ ಕ್ಲಿಪ್ಪು ಬೇಗ ತುಕ್ಕು ಹಿಡಿಯುತ್ತಿದ್ದವು. ಅದರಲ್ಲೇ ಕೈಯಿಟ್ಟು ಕೆಲಸ ಮಾಡುತ್ತಿದ್ದವರು ಗ್ಯಾಂಗ್‌ಮನ್‌ಗಳು. ಅವರೂ ನಮ್ಮಂಥ ಮನೆಯವರೇ. ಈಗ ಬೋಗಿಗಳ ಕೆಳಗೆ ತೊಟ್ಟಿ ಇದೆ. ಕಣ್ಣಿಗೆ ಕಾಣದ ಜೀವಿಗಳು ಅದರೊಳಗೆ ಹೊಲಸನ್ನು ಕರಗಿಸುತ್ತವೆ. ಬಟ್ಟೆ, ಪ್ಯಾಡು, ಪ್ಲಾಸ್ಟಿಕ್ ಹಾಕಿದರೆ ಮಾತ್ರ ತೊಟ್ಟಿ ಕಟ್ಟಿಕೊಳ್ಳುತ್ತೆ. ಅವನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೇ ಹಾಕೋಣ.

ಈಗ ಒಂದು ಕೆಲಸ. ಮೂರು ಹೊಸ ಕಬ್ಬಿಣದ ಮೊಳೆ ತಗೊಳ್ಳಿ. ಒಂದಕ್ಕೆ ಎಣ್ಣೆ ಸವರಿ. ಒಂದಕ್ಕೆ ಬಣ್ಣ ಹಚ್ಚಿ ಒಣಗಿಸಿ. ಇನ್ನೊಂದು ಹಾಗೇ ಇರಲಿ. ಮೂರನ್ನೂ ಒದ್ದೆ ಬಟ್ಟೆಯ ಮೇಲೆ ಇಡಿ, ಬಟ್ಟೆ ಒಣಗದ ಹಾಗೆ ನೀರು ಚಿಮುಕಿಸುತ್ತಿರಿ. ಎಂಟು ದಿನ ಬಿಟ್ಟು ತನ್ನಿ. ಯಾವುದು ಹೇಗಾಯಿತು ಅಂತ ನೀವೇ ಸ್ಲೇಟಿನ ಮೇಲೆ ಬರೆಯಿರಿ. ನಾವೂ ಮೂರು ಮೊಳೆ ಇಟ್ಟಿರುತ್ತೇವೆ.